ಮಲೆನಾಡಿನ ಮನೆಗೆ ಗಾಢ ಆಲಿವ್ ಬೂದು ಬಣ್ಣ: ಗೋಡೆಯ ಥಂಡಿ, ಬೆಳಕು, ಲೀಟರ್ ಲೆಕ್ಕ

ತುಂಗಾತೀರ:
ನಮಸ್ಕಾರ. ತೀರ್ಥಹಳ್ಳಿ ಕಡೆಯ ಮನೆಯೊಂದಕ್ಕೆ ಬಣ್ಣ ಆಗಬೇಕಿದೆ. ಹೊಸ ಭಾಗ ಜಂಬಿಟ್ಟಿಗೆ ಕಲ್ಲು, ಸಿಮೆಂಟ್ ಗಿಲಾವು, ಮೇಲೆ ಆರ್‌ಸಿಸಿ. ಹಳೆಯ ಭಾಗ ಮಣ್ಣಿನ ಗೋಡೆ, ಸುಣ್ಣ, ಹೆಂಚು. ಹೊಸ ಭಾಗದ ಹಾಲ್‌ಗೆ ಗಾಢ ಆಲಿವ್ ಬೂದು ಬಣ್ಣ ಹೊಡೆಸುವ ಆಸೆ. ಹಸಿರೂ ಅಲ್ಲ, ಬೂದೂ ಅಲ್ಲ, ಕಲ್ಲಿನ ಮೇಲೆ ಒಣಗಿದ ಪಾಚಿಯ ಹಾಗಿರುತ್ತದಲ್ಲ, ಅದು.

ಹಾಲ್ 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಉದ್ದದ ಗೋಡೆಗಳು ಪೂರ್ವ, ಪಶ್ಚಿಮಕ್ಕಿವೆ. ಪೂರ್ವದಲ್ಲಿ 4x4 ಕಿಟಕಿ, ಹೊರಗೆ ಅಡಿಕೆ ತೋಟ. ದಕ್ಷಿಣದಲ್ಲಿ ಅಂಗಳದ ಬಾಗಿಲು, ಅದೇ ಅಳತೆಯ ಇನ್ನೊಂದು ಕಿಟಕಿ. ಉತ್ತರದಲ್ಲಿ ಒಳಮನೆಗೆ ಬಾಗಿಲು. ಪಶ್ಚಿಮದ ಗೋಡೆ ಪೂರ್ತಿ ಖಾಲಿ. ನೆಲ ರೆಡ್ ಆಕ್ಸೈಡ್, ಸುತ್ತ ಕಪ್ಪು ಪಟ್ಟಿ. ಪಶ್ಚಿಮದ ಗೋಡೆಯ ಬುಡದಲ್ಲಿ ಮಳೆಗಾಲಕ್ಕೆ ಒಂದೆರಡು ಅಡಿ ಥಂಡಿ ಏರುತ್ತದೆ.

ಕೋಣೆ ಕತ್ತಲೆಯಾಗುತ್ತದೆಯೇ? ಬೂಷ್ಟು ಎದ್ದು ಕಾಣುತ್ತದೆಯೇ? ಎಷ್ಟು ಲೀಟರ್ ಬೇಕು, ಯಾವ ತಿಂಗಳಲ್ಲಿ ಮಾಡಿಸಬೇಕು? ಹಳೆಯ ಭಾಗಕ್ಕೂ ಇದೇ ಬಣ್ಣ ಹೊಡೆಯಬಹುದೇ?

ಸೂರಂಚು:
ಬಣ್ಣದ ಕಾರ್ಡ್ ಆಮೇಲೆ ನೋಡಿ, ಮೊದಲು ಆ ಪಶ್ಚಿಮದ ಗೋಡೆ ನೋಡಿ. ಬಿಳಿ ಗೋಡೆಯಲ್ಲಿ ಉಪ್ಪು ಎದ್ದರೆ ಹತ್ತಿರ ಹೋದವರಿಗೆ ಮಾತ್ರ ಗೊತ್ತಾಗುತ್ತದೆ. ಗಾಢ ಆಲಿವ್ ಮೇಲೆ ಅದೇ ಉಪ್ಪು ಬಾಗಿಲಿನಿಂದಲೇ ಕಾಣುತ್ತದೆ. ಬೂಷ್ಟೂ ಅಷ್ಟೇ. ಗೋಡೆಯ ಮೇಲೆ ಬಿಳಿ, ಬೂದು ಬಣ್ಣದ ಬೂಷ್ಟು ಬಂದರೆ ಗಾಢ ಬಣ್ಣ ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಥಂಡಿ ಗೋಡೆಯ ಒಳಗಿನದೋ ಗಾಳಿಯದೋ ತಿಳಿಯಲು ಸುಲಭದ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದಿಂದ ಒಂದಡಿ ಮೇಲೆ ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಾಕಿ. ಒಂದು ಹಗಲು, ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅದರಡಿಯ ಗಿಲಾವು ಕಪ್ಪಾಗಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಹೋಗುತ್ತದೆ. ಬುಡದಲ್ಲಿ ಒಂದು, ಐದಡಿ ಎತ್ತರದಲ್ಲಿ ಇನ್ನೊಂದು ಹಾಳೆ ಹಾಕಿ ಹೋಲಿಸಿ. ಬುಡದ್ದು ಮಾತ್ರ ಒದ್ದೆಯಾದರೆ ನೆಲದಿಂದ ಏರುತ್ತಿರುವ ನೀರು ಅಂತ ಖಾತ್ರಿ.

ಜಂಬಿಟ್ಟಿಗೆ ಕಲ್ಲಿನ ಮೈತುಂಬ ತೂತು, ನೀರನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಅದರ ಮೇಲಿನ ಸಿಮೆಂಟ್ ಗಿಲಾವು, ಪುಟ್ಟಿ, ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ) ಎಲ್ಲವೂ ಆ ನೀರು ಹೊರಬರುವ ದಾರಿಯನ್ನು ಬಿಗಿ ಮಾಡುತ್ತವೆ. ನೀರು ನಿಲ್ಲುವುದಿಲ್ಲ. ಇನ್ನೂ ಮೇಲಕ್ಕೆ ಹತ್ತುತ್ತದೆ, ಇಲ್ಲವೇ ಬಣ್ಣವನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ. ಬುಡಕ್ಕೆ ಟೈಲ್ಸ್ ಹಾಕಿಸಿ ಮುಚ್ಚುತ್ತೇವೆ ಅನ್ನುವವರು ಇದ್ದಾರೆ. ಮುಂದಿನ ಮಳೆಗಾಲಕ್ಕೆ ಟೈಲ್ಸ್‌ನ ಮೇಲಂಚಿನಲ್ಲಿ ಅದೇ ಕಲೆ ಕಾಣಿಸುತ್ತದೆ.

ಹೊರಗಡೆಯಿಂದ ಶುರು ಮಾಡಿ. ಗೋಡೆಯ ಹೊರಬುಡದ ಮಣ್ಣು ಒಳನೆಲದ ಮಟ್ಟಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿರಬೇಕು. ಗೊಬ್ಬರ, ಸೋಗೆ, ಕಟ್ಟಿಗೆ ಅಲ್ಲಿ ಒಟ್ಟಿದ್ದರೆ ತೆಗೆಸಿ. ಮಾಡಿನ ನೀರು ಬುಡಕ್ಕೇ ಬೀಳುತ್ತಿದ್ದರೆ ತಗಡಿನ ದೋಣಿ ಕಟ್ಟಿಸಿ, ನೀರು ದೂರ ಹರಿಯುವಂತೆ ಕಾಲುವೆ ತೆಗೆಸಿ. ಇಷ್ಟಾದ ಮೇಲೆ ಒಳಗಿನ ಸಡಿಲ ಗಿಲಾವನ್ನು ಕಲೆ ಇರುವುದಕ್ಕಿಂತ ಒಂದಡಿ ಮೇಲಿನವರೆಗೂ ಕೆತ್ತಿಸಿ, ಒಂದು ಪೂರ್ತಿ ಬೇಸಿಗೆ ಹಾಗೇ ಒಣಗಲು ಬಿಡಿ. ಹೊಸ ಗಿಲಾವು ಮಾಡಿಸಿದರೆ ಬಣ್ಣಕ್ಕೆ ಮುಂಚೆ 28 ದಿನ ಕಾಯಲೇಬೇಕು. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತದೆ. ಆಲಿವ್‌ನಂಥ ಮಿಶ್ರ ಬಣ್ಣದಲ್ಲಿ ಅದು ಮೋಡದಂತೆ ಮಸುಕಾದ ಪಟ್ಟೆಗಳಾಗಿ ಕಾಣುತ್ತದೆ.

ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಸಿ, ನೀರು ಹಾಕಿ ತೊಳೆಯಬೇಡಿ. ನೀರಲ್ಲಿ ಕರಗಿದ ಉಪ್ಪು ಮತ್ತೆ ಗೋಡೆಯೊಳಗೇ ಹೋಗುತ್ತದೆ. ಬೂಷ್ಟಿಗೆ ಮಾತ್ರ ಒದ್ದೆ ಕೆಲಸ ಬೇಕು. ಒಂದು ಪಾಲು ದ್ರವ ಬ್ಲೀಚ್‌ಗೆ ಮೂರು ಪಾಲು ನೀರು ಸೇರಿಸಿ ಬಳಿದು, 15–20 ನಿಮಿಷ ಬಿಟ್ಟು, ಶುದ್ಧ ನೀರಿನಿಂದ ಒರೆಸಿ ಒಣಗಿಸಿ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ, ಆಸಿಡ್ ಜೊತೆ ಎಂದಿಗೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಬೂಷ್ಟು ಕೊಲ್ಲದೆ ಮೇಲೆ ಬಣ್ಣ ಹೊಡೆದರೆ ಅದು ಬಣ್ಣದೊಳಗಿಂದಲೇ ಮತ್ತೆ ಬೆಳೆದು ಬರುತ್ತದೆ.

ಕಾಲ: ಗಿಲಾವು ಕೆತ್ತಿಸಿದ್ದರೆ ಅದು ಒಣಗಿದ ಬೇಸಿಗೆಯ ನಂತರದ ವರ್ಷ, ದೀಪಾವಳಿ ಕಳೆದ ಮೇಲೆ ಗೋಡೆ ಒಣಗಲು ಬಿಟ್ಟು, ಜನವರಿಯಿಂದ ಮಾರ್ಚ್ ಒಳಗೆ ಮಾಡಿಸಿ. ಅಡಿಕೆ ಕೊಯ್ಲಿನ ಹೊತ್ತಿಗೆ ಆಳು ಸಿಗುವುದೂ ಕಷ್ಟ. ಅದೇ ಅವಧಿಯಲ್ಲಿ ಮನೆ ಪಕ್ಕದಲ್ಲಿ ಅಡಿಕೆ ಬೇಯಿಸುವ ಒಲೆ ಉರಿಯುತ್ತಿದ್ದರೆ ಹೊಗೆ ಹಸಿ ಬಣ್ಣಕ್ಕೆ ಕೂರುತ್ತದೆ. ಒಲೆ ಕೆಲಸ ಮುಗಿದ ಮೇಲೆಯೇ ಹಿಡಿಯಿರಿ.

ಹೊನ್ನೆಮರ:
ಸೂರಂಚು ಅವರು ಗೋಡೆಯ ಬಗ್ಗೆ ಹೇಳಿದ್ದಕ್ಕೆ ಸೇರಿಸುವುದು ಏನೂ ಇಲ್ಲ. ನಾನು ಬೆಳಕು, ಶೇಡ್ ಬಗ್ಗೆ ಬರೆಯುತ್ತೇನೆ.

ತುಂಗಾತೀರ ಅವರೇ, ನಿಮ್ಮ ಕೋಣೆಯಲ್ಲಿ ಈ ಬಣ್ಣಕ್ಕೆ ಎರಡು ಕಡೆಯಿಂದ ಎಳೆತ ಇದೆ. ಪೂರ್ವದ ಕಿಟಕಿಯ ಬೆಳಕು ತೋಟದ ಎಲೆಗಳಿಗೆ ತಾಗಿ ಹಸಿರಾಗಿ ಒಳಗೆ ಬರುತ್ತದೆ, ಅದು ಆಲಿವ್‌ನಲ್ಲಿರುವ ಹಸಿರನ್ನು ಹೆಚ್ಚಿಸುತ್ತದೆ. ಕೆಂಪು ನೆಲದಿಂದ ಪುಟಿಯುವ ಬೆಳಕು ಗೋಡೆಯ ಕೆಳಭಾಗವನ್ನು ಕಂದು ಮಾಡುತ್ತದೆ. ಹಾಗಾಗಿ ಒಂದೇ ಗೋಡೆ ಸೊಂಟದ ಕೆಳಗೆ ಒಂದು ಬಣ್ಣ, ಮೇಲೆ ಇನ್ನೊಂದು ಬಣ್ಣವಾಗಿ ಕಂಡರೆ ಪೇಂಟರ್‌ನ ತಪ್ಪಲ್ಲ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಚೆನ್ನಾಗಿ ಕಂಡ ಹಸಿರು ಹೆಚ್ಚಿರುವ ಆಲಿವ್ ತೋಟದ ಕಿಟಕಿ ಎದುರು ಮಿಲಿಟರಿ ಹಸಿರಾಗುತ್ತದೆ. ಹಳದಿ, ಕಂದು ಕಡೆಗೆ ವಾಲಿದ, ಹಸಿರು ಕಡಿಮೆ ಇರುವ ಬೂದನ್ನೇ ಆರಿಸಿ.

ಅಂಗಡಿಯವರಿಗೆ ಹೇಳಲು ಒಂದು ಗುರುತು ಬೇಕಿದ್ದರೆ ಜರ್ಮನಿಯ ಆರ್‌ಎಎಲ್ ಪಟ್ಟಿ ನೋಡಿ. 1927ರಲ್ಲಿ ಶುರುವಾದ ಪಟ್ಟಿ ಅದು. ಅದರಲ್ಲಿ 7002 ಆಲಿವ್ ಬೂದು, 6006 ಬೂದು ಆಲಿವ್. 7002 ಮಧ್ಯಮ ಛಾಯೆ, ಹಳದಿ ಮಿಶ್ರಿತ. 6006 ತುಂಬ ಗಾಢ. ಶೇಡ್ ಮೆಷಿನ್ ಇರುವ ಅಂಗಡಿಗಳು ಕೋಡ್ ಕೊಟ್ಟರೆ ಅದಕ್ಕೆ ಹತ್ತಿರದ ಬಣ್ಣ ಬೆರೆಸಿಕೊಡುತ್ತವೆ. ನಿಮ್ಮ ಹಾಲ್‌ಗೆ ಈ ಎರಡರ ನಡುವಿನದು, 7002ಕ್ಕೆ ಹತ್ತಿರದ್ದು ಸರಿ ಅಂತ ನನ್ನ ಅಭಿಪ್ರಾಯ. ಆಷಾಢದ ಮೋಡ ಕವಿದ ಹಗಲಿನಲ್ಲಿ 6006 ಬಹುತೇಕ ಕಪ್ಪೇ.

ಶೇಡ್ ಕಾರ್ಡ್‌ನ ಹಿಂದೆ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇದ್ದರೆ ಗಮನಿಸಿ. ಬಣ್ಣ ಎಷ್ಟು ಬೆಳಕನ್ನು ಹಿಂದಕ್ಕೆ ಕೊಡುತ್ತದೆ ಅನ್ನುವ ಲೆಕ್ಕ ಅದು, ಅಚ್ಚ ಕಪ್ಪಿಗೆ 0, ಅಚ್ಚ ಬಿಳಿಗೆ 100. ಸಾಮಾನ್ಯ ಬಿಳಿ ಎಮಲ್ಷನ್ 80ರ ಮೇಲಿರುತ್ತದೆ. ಗಾಢ ಆಲಿವ್ ಬೂದುಗಳು 10ರಿಂದ 20ರ ಆಸುಪಾಸು. ನಾಲ್ಕೂ ಗೋಡೆಗೆ ಹೊಡೆದರೆ ನಿಮ್ಮ ಎರಡು ಕಿಟಕಿ ಸಾಲುವುದಿಲ್ಲ.

ಪಶ್ಚಿಮ ಮತ್ತು ಉತ್ತರದ ಗೋಡೆಗೆ ಮಾತ್ರ ಗಾಢ ಬಣ್ಣ ಹಾಕಿ. ಪಶ್ಚಿಮದ ಗೋಡೆ ಪೂರ್ವದ ಕಿಟಕಿಗೆ ನೇರ ಎದುರು, ಉತ್ತರದ್ದು ದಕ್ಷಿಣದ ಕಿಟಕಿಗೆ ಎದುರು. ಬೆಳಕು ಬೀಳುವ ಗೋಡೆಯಲ್ಲಿ ಮಾತ್ರ ಈ ಬಣ್ಣದ ಹಳದಿ, ಹಸಿರು ಎಲ್ಲ ಬೇರೆ ಬೇರೆಯಾಗಿ ಕಾಣುವುದು. ಕಿಟಕಿ ಇರುವ ಗೋಡೆಗೇ ಗಾಢ ಬಣ್ಣ ಕೊಟ್ಟರೆ ಹೊರಗಿನ ಬಿಸಿಲು, ಸುತ್ತಲಿನ ಕಪ್ಪು ಎರಡೂ ಒಟ್ಟಿಗೆ ಕಣ್ಣಿಗೆ ಹೊಡೆಯುತ್ತವೆ, ಗೋಡೆ ಇದ್ದದ್ದಕ್ಕಿಂತ ಕತ್ತಲೆಯಾಗಿ ಕಾಣುತ್ತದೆ. ಉಳಿದ ಎರಡು ಗೋಡೆ, ಚಾವಣಿಗೆ ಕೆನೆ ಬಿಳಿ. ನೀಲಿ ಸೇರಿದ ಅಚ್ಚ ಬಿಳಿ ಬೇಡ, ಆಲಿವ್ ಪಕ್ಕದಲ್ಲಿ ಅದು ಆಸ್ಪತ್ರೆ ಗೋಡೆಯಂತೆ ಕಾಣುತ್ತದೆ.

ಕೆಂಪು ನೆಲದ ಬಗ್ಗೆ ಹೆದರಬೇಡಿ. ಹಸಿರು ಸೇರಿದ ಬೂದಿನ ಪಕ್ಕದಲ್ಲಿ ರೆಡ್ ಆಕ್ಸೈಡ್ ಇನ್ನೂ ಕೆಂಪಾಗಿ, ಹೊಳಪಾಗಿ ಕಾಣುತ್ತದೆ. ಕಪ್ಪು ಪಟ್ಟಿ ನಡುವೆ ಇರುವುದರಿಂದ ಎರಡು ಬಣ್ಣ ನೇರವಾಗಿ ಜಗಳಾಡುವುದಿಲ್ಲ. ಹಲಸಿನ ಮರದ ಹೊಂಬಣ್ಣ, ಹಿತ್ತಾಳೆ, ಬೆತ್ತ ಇದರ ಮುಂದೆ ಚೆನ್ನಾಗಿ ಎದ್ದು ಕಾಣುತ್ತವೆ. ಬೀಟೆಯ ಕಪ್ಪು ಪೀಠೋಪಕರಣ ಮಾತ್ರ ಗಾಢ ಗೋಡೆಯ ಮುಂದೆ ಮುಳುಗಿಹೋಗುತ್ತದೆ, ಅದನ್ನು ಕೆನೆ ಬಿಳಿ ಗೋಡೆಯ ಕಡೆ ಇಡಿ. ಪಶ್ಚಿಮದ ಖಾಲಿ ಗೋಡೆಗೆ ಸಾಗರ ಕಡೆಯ ದೀವರ ಸಮುದಾಯದ ಗೋಡೆಚಿತ್ರ ಹಸೆ ಚಿತ್ತಾರ ಒಂದು ಚೌಕಟ್ಟು ಹಾಕಿಸಿ ನೋಡಿ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿ ಹಿಟ್ಟಿನ ಬಿಳಿ ಗೆರೆ. ಆಲಿವ್ ಬೂದು ಅದಕ್ಕೆ ಹೇಳಿ ಮಾಡಿಸಿದ ಹಿನ್ನೆಲೆ. ಪರದೆಗೆ ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಯಂಥ ನೈಸರ್ಗಿಕ ಬಣ್ಣದ್ದು ಹೊಂದುತ್ತದೆ.

ರಾತ್ರಿಯ ಬೆಳಕು: ನಡು ಚಾವಣಿಯಲ್ಲಿ ಒಂದೇ ಬಿಳಿ ಟ್ಯೂಬ್ ಇದ್ದರೆ ಈ ಬಣ್ಣ ಸತ್ತುಹೋಗುತ್ತದೆ. 6500 ಕೆಲ್ವಿನ್‌ನ ನೀಲಿ ಬೆಳಕಿನಲ್ಲಿ ಹಳದಿ ಅಂಶ ಮಾಯವಾಗಿ ಸ್ಲೇಟಿನ ಬಣ್ಣ ಉಳಿಯುತ್ತದೆ. 2700ರಿಂದ 3000 ಕೆಲ್ವಿನ್ ಬಲ್ಬ್, ಸಿಆರ್‌ಐ (ಬಣ್ಣಗಳನ್ನು ಇದ್ದ ಹಾಗೆ ತೋರಿಸುವ ಗುಣಕ್ಕೆ 100ಕ್ಕೆ ಕೊಡುವ ಅಂಕ) 90 ಇರುವುದು ಸಿಕ್ಕರೆ ಒಳ್ಳೆಯದು. ಗಾಢ ಗೋಡೆ ಬೆಳಕು ಕುಡಿಯುವುದರಿಂದ 168 ಚದರಡಿಗೆ ಒಟ್ಟು 3500–4000 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಇಟ್ಟುಕೊಳ್ಳಿ. ಅಂದರೆ 9 ವ್ಯಾಟ್‌ನ ನಾಲ್ಕು ಎಲ್‌ಇಡಿ, ನಾಲ್ಕು ಬೇರೆ ಬೇರೆ ಜಾಗದಲ್ಲಿ.

ಲೀಟರ್‌ಗಟ್ಟಲೆ ಕೊಳ್ಳುವ ಮೊದಲು ಚಿಕ್ಕ ಡಬ್ಬಿ ತಂದು 2x2 ಅಡಿ ಬಿಳಿ ರಟ್ಟಿಗೆ ಎರಡು ಕೋಟ್ ಹೊಡೆಯಿರಿ. ಎರಡೂ ಗೋಡೆಗೆ ಆನಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬಲ್ಬ್ ಕೆಳಗೆ ನೋಡಿ. ಹಳೆಯ ಗೋಡೆ ಬಣ್ಣದ ಮೇಲೇ ನೇರವಾಗಿ ಬಳಿದು ನೋಡಿದರೆ ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ.

ತುಂಗಾತೀರ:
ಇಬ್ಬರಿಗೂ ತುಂಬ ಧನ್ಯವಾದ. ಪಶ್ಚಿಮ, ಉತ್ತರ ಎರಡೇ ಗೋಡೆ ಅಂತ ತೀರ್ಮಾನ. ಈ ಲೆಕ್ಕಕ್ಕೆ ಪುಟ್ಟಿ, ಪ್ರೈಮರ್, ಬಣ್ಣ ಎಷ್ಟು ತರಿಸಲಿ? ಎರಡು ಕೋಟ್ ಸಾಕು ಅಂತ ಪೇಂಟರ್ ಹೇಳುತ್ತಾರೆ. ಹೊಳಪಿಲ್ಲದ ಮ್ಯಾಟ್ ಹೊಡೆಸಲೇ?

ಕುಂಚ ಸಾಗರ:
ಎರಡು ಕೋಟ್ ಸಾಕಾಗಲ್ಲ ಮಾರಾಯ್ರೆ. ಅಂಗಡಿಯಲ್ಲಿ ಬಣ್ಣ ಬೆರೆಸುವ ಮುಂಚಿನ ಮೂಲ ಪೇಂಟನ್ನು ಬೇಸ್ ಅನ್ನುತ್ತಾರೆ. ತಿಳಿ ಬಣ್ಣದ ಬೇಸ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ತುಂಬ ಇರುತ್ತದೆ, ಕೆಳಗಿನದನ್ನು ಮುಚ್ಚುವುದು ಅದೇ. ಗಾಢ ಬಣ್ಣಕ್ಕೆ ಡೀಪ್ ಬೇಸ್ ಬಳಸುತ್ತಾರೆ, ಅದರಲ್ಲಿ ಆ ಪುಡಿ ತೀರ ಕಡಿಮೆ. ಬಿಳಿ ಪ್ರೈಮರ್ ಮೇಲೆ ಎರಡು ಕೋಟ್ ಹೊಡೆದರೆ ರೋಲರ್ ಓಡಿದ ಜಾಗದಲ್ಲೆಲ್ಲ ಬಿಳಿ ಇಣುಕುತ್ತದೆ. ಪ್ರೈಮರ್‌ಗೇ ಮಧ್ಯಮ ಬೂದು ಬಣ್ಣ ಬೆರೆಸಿಕೊಡಲು ಅಂಗಡಿಯಲ್ಲಿ ಹೇಳಿ. ಅದರ ಮೇಲೆ ಮೂರು ಕೋಟ್.

ಲೆಕ್ಕ ಹೀಗೆ. ಪಶ್ಚಿಮ 14x10, 140 ಚದರಡಿ. ಉತ್ತರ 120ರಲ್ಲಿ ಬಾಗಿಲಿಗೆ 21 ಕಳೆದರೆ 99. ಒಟ್ಟು 239. ಒಳ್ಳೆಯ ಎಮಲ್ಷನ್ ಎರಡು ಕೋಟ್‌ಗೆ ಲೀಟರ್‌ಗೆ ಸುಮಾರು 120 ಚದರಡಿ ಬರುತ್ತದೆ, ಮೂರು ಕೋಟ್‌ಗೆ 80 ಹಿಡಿಯಿರಿ. 3 ಲೀಟರ್ ಆಯಿತು. 4 ಲೀಟರ್ ಡಬ್ಬಿ ಒಂದೇ ತನ್ನಿ. ಡೀಪ್ ಬೇಸ್ ಡಬ್ಬಿಯಲ್ಲಿ ಬಣ್ಣ ಸೇರಿಸಲು ಜಾಗ ಬಿಟ್ಟಿರುತ್ತಾರೆ, ಬೆರೆಸಿದ ಮೇಲೆ ಎಷ್ಟಾಗುತ್ತದೆ ಕೇಳಿಕೊಳ್ಳಿ. ಉಳಿದದ್ದನ್ನು ಗಾಳಿಯಾಡದ ಚಿಕ್ಕ ಡಬ್ಬಿಗೆ ಹಾಕಿ, ಬೆರೆಸಿದ ಚೀಟಿ ಅಂಟಿಸಿ ಇಡಿ. ನಾಲ್ಕು ತಿಂಗಳು ಬಿಟ್ಟು ಅದೇ ಕೋಡ್‌ಗೆ ಬೇರೆ ಡಬ್ಬಿ ಬೆರೆಸಿದರೆ ಈ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ಒಂದಕ್ಕಿಂತ ಹೆಚ್ಚು ಡಬ್ಬಿ ತಂದರೂ ಎಲ್ಲವನ್ನೂ ದೊಡ್ಡ ಬಕೆಟ್‌ಗೆ ಸುರಿದು ಒಂದು ಮಾಡಿಕೊಂಡೇ ಶುರು ಮಾಡಿ.

ಕೆನೆ ಬಿಳಿಯ ಎರಡು ಗೋಡೆ 207 ಚದರಡಿ, ಅದಕ್ಕೆ 2 ಲೀಟರ್ ಸಾಕು, ಚಾವಣಿ ಬೇರೆ. ನಾಲ್ಕೂ ಗೋಡೆಗೆ ಪ್ರೈಮರ್ 100 ಚದರಡಿಗೆ 1 ಲೀಟರ್‌ನಂತೆ ನಾಲ್ಕೂವರೆ ಲೀಟರ್, ಅದರಲ್ಲಿ ಎರಡೂವರೆಗೆ ಮಾತ್ರ ಬೂದು ಬೆರೆಸಿ. ಬಿಳಿ ಸಿಮೆಂಟ್ ಪುಟ್ಟಿ ಎರಡು ಕೈಗೆ ಕೆಜಿಗೆ 12 ಚದರಡಿಯಂತೆ 40 ಕೆಜಿ ಚೀಲ ಒಂದು. ಪಿಒಪಿ, ಜಿಪ್ಸಮ್ ಥಂಡಿ ಗೋಡೆಗೆ ಬೇಡವೇ ಬೇಡ, ನೀರು ಕುಡಿದು ಉಬ್ಬುತ್ತದೆ.

ಪುಟ್ಟಿಗೆ ಮುಂಚೆ ಗೋಡೆಗೆ ನೀರು ಚಿಮುಕಿಸಿ. ಒಣ ಗೋಡೆ ಪುಟ್ಟಿಯ ನೀರನ್ನು ಎಳೆದುಕೊಂಡರೆ ಅದು ಗಟ್ಟಿಯಾಗದೆ ಪುಡಿಯಾಗಿಯೇ ಉಳಿಯುತ್ತದೆ, ಆಮೇಲೆ ಬಣ್ಣದ ಸಮೇತ ಹಾಳೆಯಂತೆ ಏಳುತ್ತದೆ. ಒಣಗಿದ ಮೇಲೆ ಬೆರಳಲ್ಲಿ ಉಜ್ಜಿದಾಗ ಹಿಟ್ಟು ಹತ್ತಿದರೆ ಮುಂದುವರಿಯಬೇಡಿ. 180 ನಂಬರ್ ಮರಳು ಕಾಗದ, ಆಮೇಲೆ 320. ಉಜ್ಜಿದ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಪ್ರೈಮರ್ ಧೂಳಿಗೇ ಅಂಟುತ್ತದೆ, ಗೋಡೆಗಲ್ಲ. ಉತ್ತರದ ಗೋಡೆಗೆ ಪೂರ್ವದ ಕಿಟಕಿಯ ಬೆಳಕು ಓರೆಯಾಗಿ ಸವರಿಕೊಂಡು ಹೋಗುತ್ತದೆ, ಅಲ್ಲಿ ಪ್ರತಿ ಏರಿಳಿತ ನೆರಳು ಬೀಳಿಸುತ್ತದೆ. ರಾತ್ರಿ ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿದು ಉದ್ದಕ್ಕೆ ಬೆಳಕು ಬಿಟ್ಟು ನೋಡಿ, ಕಂಡ ಗುಳಿಗೆಲ್ಲ ಪೆನ್ಸಿಲ್ ಗುರುತು ಹಾಕಿ ಬೆಳಿಗ್ಗೆ ತುಂಬಿಸಿ.

ಅಪ್ಪಟ ಮ್ಯಾಟ್ ನೋಡಲು ಚಂದ, ಆದರೆ ಗಾಢ ಬಣ್ಣದಲ್ಲಿ ಭುಜ, ಕುರ್ಚಿ ಬೆನ್ನು ಉಜ್ಜಿದ ಕಡೆ ಹೊಳೆಯುವ ಪಟ್ಟಿ ಬೀಳುತ್ತದೆ, ಉಗುರು ಗೀರಿದರೆ ಬಿಳಿ ಗೆರೆ. ಪೂರ್ತಿ ಹೊಳಪಿನದಾದರೆ ಗೋಡೆಯ ಡೊಂಕೆಲ್ಲ ಕಾಣುತ್ತದೆ. ಲೋ ಶೀನ್ ಅನ್ನುವ ಮಧ್ಯದ್ದು ತೆಗೆದುಕೊಳ್ಳಿ.

ಹೊಡೆಯುವಾಗ 9 ಇಂಚಿನ ರೋಲರ್, 10–12 ಮಿಲಿಮೀಟರ್ ರೋಮದ್ದು. ಒಂದು ಗೋಡೆ ಹಿಡಿದರೆ ಮೂಲೆಯಿಂದ ಮೂಲೆಗೆ ನಿಲ್ಲಿಸದೆ ಮುಗಿಸಬೇಕು, ನಡುವೆ ಚಹಾಕ್ಕೆ ಎದ್ದರೆ ಒಣಗಿದ ಅಂಚು ಗೆರೆಯಾಗಿ ಉಳಿಯುತ್ತದೆ. ಅಂಚಿಗೆ ಬ್ರಷ್ ಹೊಡೆದು ಅದು ಹಸಿ ಇರುವಾಗಲೇ ರೋಲರ್ ತಾಗಿಸಿ, ಇಲ್ಲದಿದ್ದರೆ ಗೋಡೆ ಸುತ್ತ ಚೌಕಟ್ಟು ಹಾಕಿದ ಹಾಗೆ ಕಾಣುತ್ತದೆ. ಡಬ್ಬಿ ಮೇಲೆ ಬರೆದದ್ದಕ್ಕಿಂತ ಹೆಚ್ಚು ನೀರು ಬೇಡ. ಕೋಟ್‌ಗಳ ನಡುವೆ 4–6 ಗಂಟೆ ಅಂತ ಬರೆದಿದ್ದರೂ ನಮ್ಮ ಕಡೆ ಇಬ್ಬನಿ ಬೀಳುವ ದಿನ ಒಂದು ರಾತ್ರಿ ಬಿಡಿ. ಡೀಪ್ ಬೇಸ್‌ಗೆ ಹಾಕುವ ಬಣ್ಣದ ದ್ರಾವಣವೇ ಹೆಚ್ಚು, ಅದು ಒಣಗುವುದು ನಿಧಾನ. ಮುಟ್ಟಿದರೆ ಒಣಗಿದಂತಿದ್ದರೂ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಕಪಾಟು ಒರಗಿಸಬೇಡಿ, ಒರೆಸಲೂ ಬೇಡಿ. ಆಮೇಲೂ ಕಪಾಟು ಗೋಡೆಯಿಂದ 3 ಇಂಚು ದೂರ ಇರಲಿ, ಗಾಳಿಯಾಡದ ಸಂದಿಯಲ್ಲೇ ಬೂಷ್ಟು ಹುಟ್ಟುವುದು.

ಶರಾವತಿ ಹಿನ್ನೀರು:
ಒಂದು ಸಂಗತಿ ಬಿಟ್ಟುಹೋಗಿದೆ. ಬಣ್ಣ ಹೊಡೆದ ಕೆಲವೇ ದಿನಗಳಲ್ಲಿ ಮಂಜು ಅಥವಾ ಅಕಾಲ ಮಳೆ ಬಂದರೆ ಗಾಢ ಗೋಡೆಯಿಂದ ಕಂದು, ಜೇನಿನಂಥ ಅಂಟು ಗೆರೆಗಳು ಇಳಿಯಬಹುದು. ಬಣ್ಣ ಕೆಟ್ಟಿತು ಅಂತ ಮತ್ತೆ ಕೋಟ್ ಹೊಡೆಯಬೇಡಿ. ಬಣ್ಣದಲ್ಲಿರುವ ಸಾಬೂನಿನಂಥ ಅಂಶ ತೇವಕ್ಕೆ ಮೇಲೆ ಬಂದದ್ದು ಅದು. ಬರೀ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ ಉಜ್ಜದೆ ಮೆಲ್ಲಗೆ ಒರೆಸಿ. ಮತ್ತೆ ಒಂದೆರಡು ಸಲ ಬಂದು ತಾನೇ ನಿಲ್ಲುತ್ತದೆ. ಕುಂಚ ಸಾಗರ ಅವರು ಒರೆಸಬೇಡಿ ಅಂದದ್ದಕ್ಕೆ ಇದೊಂದೇ ವಿನಾಯಿತಿ. ತಿಂಗಳು ಬಿಟ್ಟರೆ ಅದು ಗಟ್ಟಿಯಾಗಿ ಕಲೆಯೇ ಆಗುತ್ತದೆ.

ಹಳೆಯ ಭಾಗಕ್ಕೆ ಎಮಲ್ಷನ್ ಬೇಡ. ಸುಣ್ಣದ ಪದರಗಳ ಮೇಲೆ ಅದು ಹಿಡಿಯುವುದಿಲ್ಲ, ಹಿಡಿದರೂ ಮಣ್ಣಿನ ಗೋಡೆಯ ಉಸಿರು ಕಟ್ಟುತ್ತದೆ. ಮಣ್ಣು ಒಳಗೇ ನೆನೆದು ಸಾರಣೆ ಸಮೇತ ಕಳಚುತ್ತದೆ. ಸಿಮೆಂಟ್ ಪುಟ್ಟಿಯೂ ಬೇಡ.

ತುಂಗಾತೀರ:
ಹಾಗಾದರೆ ಹಳೆಯ ನಡುಮನೆ ಬಿಳಿಯಾಗಿಯೇ ಇರಲೇ? ಹಾಲ್‌ನಿಂದ ಒಳಗೆ ಹೋಗುವಾಗ ಎರಡೂ ಸಂಬಂಧವಿಲ್ಲದಂತೆ ಕಾಣುತ್ತದೆ ಅನ್ನುವ ಚಿಂತೆ. ಅಲ್ಲಿನ ಬಾಗಿಲು, ಕಿಟಕಿಗೆ ಆಲಿವ್ ಬೂದು ಹಾಕಿಸಿದರೆ ಹೇಗೆ?

ಶರಾವತಿ ಹಿನ್ನೀರು:
ಬಾಗಿಲು ಹಲಸು, ಬೀಟೆ, ಹೊನ್ನೆಯದಾಗಿದ್ದರೆ ದಯವಿಟ್ಟು ಬಣ್ಣ ಬಳಿಯಬೇಡಿ. ಹಳೆಯ ಕೊಳೆ ಉಜ್ಜಿ ತೆಗೆದು, ಕಾಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಒರೆಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ. ಆಲಿವ್ ಬೂದು ಬೇಕಾದರೆ ಕಿಟಕಿಯ ಕಬ್ಬಿಣದ ಸರಳಿಗೆ ಹೊಡೆಸಿ: ತುಕ್ಕು ಉಜ್ಜಿ, ಲೋಹದ ಪ್ರೈಮರ್ ಒಂದು ಕೋಟ್, ಎನಾಮಲ್ ಎರಡು.

ಗೋಡೆಗೆ ಸುಣ್ಣದಲ್ಲೇ ಇದರ ತಿಳಿ ಛಾಯೆ ಮಾಡಬಹುದು. ಹಳದಿ ಆಕ್ಸೈಡ್‌ಗೆ ಕಪ್ಪು ಆಕ್ಸೈಡ್ ಸೇರಿದರೆ ಆಲಿವ್ ಬರುತ್ತದೆ, ಆ ಎರಡೂ ಪುಡಿ ಸುಣ್ಣದ ಕ್ಷಾರಕ್ಕೆ ಕೆಡುವುದಿಲ್ಲ. ಹಳದಿ ಆರು ಪಾಲು, ಕಪ್ಪು ಒಂದು ಪಾಲಿನಿಂದ ಶುರು ಮಾಡಿ, ರಟ್ಟಿನ ಮೇಲೆ ಬಳಿದು ಒಣಗಿಸಿ ನೋಡುತ್ತಾ ಸರಿಮಾಡಿಕೊಳ್ಳಿ. ಒದ್ದೆಯಿದ್ದಾಗ ಕಂಡದ್ದಕ್ಕಿಂತ ಒಣಗಿದ ಮೇಲೆ ತುಂಬ ತಿಳಿಯಾಗುತ್ತದೆ. ಪುಡಿಯ ಒಟ್ಟು ತೂಕ ಒಣ ಸುಣ್ಣದ ತೂಕದ ಹತ್ತನೇ ಒಂದು ಭಾಗ ದಾಟಬಾರದು, ದಾಟಿದರೆ ಸುಣ್ಣ ಹಿಡಿದಿಟ್ಟುಕೊಳ್ಳಲಾರದೆ ಗೋಡೆಗೆ ಒರಗಿದವರ ಅಂಗಿಗೆ ಬಣ್ಣ ಹತ್ತುತ್ತದೆ. ಹಾಗಾಗಿ ಸುಣ್ಣದಲ್ಲಿ ಗಾಢ ಛಾಯೆ ಬರುವುದಿಲ್ಲ, ಮಣ್ಣಿನ ಗೋಡೆಯ ನಡುಮನೆಗೆ ಆ ತಿಳಿಯೇ ಬೇಕಾದದ್ದು.

ಪುಡಿಯನ್ನು ಮೊದಲು ಬಿಸಿನೀರಿನಲ್ಲಿ ಕಲಸಿ ಬಟ್ಟೆಯಲ್ಲಿ ಸೋಸಿ, ಆಮೇಲೆ ಸುಣ್ಣಕ್ಕೆ ಸೇರಿಸಿ. ಗಂಟು ಉಳಿದರೆ ಕುಂಚ ಎಳೆದ ಕಡೆ ಹಳದಿ ಗೀರು ಬೀಳುತ್ತದೆ. ಸಡಿಲ ಸುಣ್ಣ ಕೆರೆದು, ಗೋಡೆ ಒದ್ದೆ ಮಾಡಿ, ಹಾಲಿನಷ್ಟು ತೆಳ್ಳಗೆ ಮೂರು ನಾಲ್ಕು ಕೈ. ಒಲೆಯ ಮಸಿ ಹಿಡಿದ ಕಡೆ ವಾಷಿಂಗ್ ಸೋಡಾ ಕರಗಿಸಿದ ನೀರಲ್ಲಿ ತೊಳೆದು ಒಣಗಿಸಿದ ಮೇಲೆಯೇ ಸುಣ್ಣ, ಇಲ್ಲವಾದರೆ ಮಸಿ ಹಳದಿಯಾಗಿ ಮೇಲೆ ಬರುತ್ತದೆ. ಇಡೀ ನಡುಮನೆಗೆ ಬೇಕಾದಷ್ಟನ್ನೂ ಒಂದೇ ಹಂಡೆಯಲ್ಲಿ ಕಲಸಿಕೊಳ್ಳಿ, ಎರಡನೇ ಸಲ ಕಲಸಿದ್ದು ಮೊದಲನೆಯದಕ್ಕೆ ಸೇರುವುದಿಲ್ಲ.